ರೇವತಿ ಕಳೆಯುವ ತನಕ

ಜನವರಿ 20, ಸೋಮವಾರ

ಆರೂವರೆ ಬಸ್ಸು. ಹುಳಿಯಾರಿನಲ್ಲಿ ಸೀಟು ಸಿಕ್ಕಿತು. ಹತ್ತಕ್ಕೆ ತಂಗಿ ಚಿಕ್ಕಗಂಗಳನ್ನು ತಿಪಟೂರು ಆಸ್ಪತ್ರೆಯ ಡಯಾಲಿಸಿಸ್ ರೂಮಿಗೆ ಬಿಟ್ಟೆ. ಎರಡೂವರೆಗೆ ಹೊರಗೆ ಬಂದಳು. ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಚಿಕ್ಕಗಂಗಳ ತಲೆ ನನ್ನ ಹೆಗಲ ಮೇಲೆ ಬಿತ್ತು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಬಸ್ ನಿಲ್ಲಿಸಿ ನೀರು ಚಿಮುಕಿಸಿದರು.

ಕಂಡಕ್ಟರ್ ಅಂದ: "ವಾರಕ್ಕೆರಡು ಸಲ ಹಿಂಗೆ ಕರ್ಕೊಂಡು ಓಡಾಡಿದ್ರೆ ಬಸ್ಸಲ್ಲೇ ಹೋಗ್ಬುಡ್ತಾರೆ ಅಜ್ಜಿ. ತಿಪಟೂರಲ್ಲೇ ಒಂದು ರೂಮ್ ಮಾಡ್ಕಳಿ."

ಸರಿಯಾಗೇ ಹೇಳಿದ. ನೆಲಮಟ್ಟದ ಮನೆ ಬೇಕು, ಪೇಟೆಯೊಳಗೆ, ಅವಳು ನಡೆದು ಹೋಗುವಷ್ಟು ಹತ್ತಿರ. ನನ್ನ ವಿಧವಾ ಪಿಂಚಣಿ, ಅವಳ ಪಾಲಿನ ತೋಟದ ಗುತ್ತಿಗೆ... ಬಾಡಿಗೆ ಮೂರು ಸಾವಿರ ದಾಟುವಂತಿಲ್ಲ.

ತುರುವೇಕೆರೆ ಅಣ್ಣನಿಗೆ ಕಾಗದ ಬರೆದೆ. ಎಲ್ಲ ಕ್ಷೇಮ ಅಂತ. ಅಲ್ಲಿ ಬರೆಯಲಾಗದ್ದು ಇಲ್ಲಿಗೆ.

ಜನವರಿ 23, ಗುರುವಾರ. ಮಧ್ಯಾಹ್ನ

ಅವಳು ಮೆಷಿನ್ ಮೇಲೆ. ನಾಲ್ಕು ಗಂಟೆ ನನ್ನದು. ಕೊಬ್ಬರಿ ಮಂಡಿಯ ಹಮಾಲಿ ಕೆಂಚಯ್ಯ ನಮ್ಮ ಕಡೆಯವನು. ಮನೆ ತೋರಿಸುತ್ತಾನೆ. ಮೊದಲನೆಯದು ಮಹಡಿ ಮೇಲೆ. ಹತ್ತೊಂಬತ್ತು ಮೆಟ್ಟಿಲು, ಎಣಿಸಿದೆ. ಎರಡನೆಯದು ಚೆನ್ನಾಗಿತ್ತು. ಮನೆಯಾಕೆ ಕಾಫಿ ಕೊಟ್ಟರು. ಆಮೇಲೆ ನನ್ನ ಚೀಲದಲ್ಲಿ ಆಸ್ಪತ್ರೆ ಫೈಲು ಕಂಡಿತು. ಲೋಟ ಇನ್ನೂ ನನ್ನ ಕೈಯಲ್ಲಿತ್ತು.

"ಬೇಜಾರು ಮಾಡ್ಕಬೇಡಿ ಕಣ್ರೀ. ನಕ್ಷತ್ರ ಸರಿಯಿಲ್ಲದ ದಿನ ಮನೆಯೊಳಗೆ ಹೆಚ್ಚುಕಮ್ಮಿ ಆದ್ರೆ ಮನೆ ಮುಚ್ಚಬೇಕಾಯ್ತದೆ. ಮೂರು ತಿಂಗಳೋ, ಆರು ತಿಂಗಳೋ. ಒಂದೇ ಸೂರು. ನಾವೂ ಬೀದಿಗೆ."

ಸುಳ್ಳಲ್ಲ. ನಮ್ಮಲ್ಲೂ ಹಾಗೇ. ಅಪ್ಪ ಹೋದಾಗ ಬಾಗಿಲಿಗೆ ಮುಳ್ಳು ಹಾಕಿ ಮೂರು ತಿಂಗಳು ಕೊಟ್ಟಿಗೆಯಲ್ಲಿ ಇದ್ದೆವು. ಚಿಕ್ಕಗಂಗ ಆಗ ತೊಟ್ಟಿಲ ಕೂಸು.

ಕೆಂಚಯ್ಯ ದಾರಿಯಲ್ಲಿ: "ಅಲ್ಲಾ ದೊಡ್ಡಗಂಗಮ್ಮ, ಬಾಡಿಗೆಗೆ ಬರೋರು ಜಾತಕ ತರ್ತಾರಾ? ಆ ಫೈಲು ಸೀರೇಲಿ ಸುತ್ಕೊಂಡು ಬಾ."

ಫೆಬ್ರವರಿ 3, ಸೋಮವಾರ

ಹನ್ನೊಂದು ಮನೆ ಆಯಿತು. ಯಾವ ಜನ, ಏನು ತಿಂತೀರಿ, ನೀರು ಜಾಸ್ತಿ ಸುರೀತೀರಾ... ಎಲ್ಲ ಕೇಳಿ ಕೊನೆಗೆ ಕಾಯಿಲೆಯ ಪ್ರಶ್ನೆ.

ಹನ್ನೆರಡನೆಯದು ಮಂಡಿ ಹಿಂದಿನ ಗಲ್ಲಿಯಲ್ಲಿ. ವಿಮಲಮ್ಮ ಅಂತ. ಗಂಡನದು ಕೊಬ್ಬರಿ ವ್ಯಾಪಾರ. ಮುಂದೆ ಅವರ ಮನೆ, ಹಿತ್ತಲಿನಲ್ಲಿ ಬೇರೆಯೇ ಒಂದು ಸಣ್ಣ ಮನೆ. ಅವರ ಅತ್ತೆ ಆಷಾಢದಲ್ಲಿ ಅಲ್ಲೇ ತೀರಿಕೊಂಡರಂತೆ. ಧನಿಷ್ಠೆ ನಕ್ಷತ್ರ. ಆರು ತಿಂಗಳು ಮುಚ್ಚಿ, ಶಾಂತಿ ಮಾಡಿಸಿ ಈಗ ತೆಗೆದಿದ್ದಾರೆ. ಬಾಗಿಲಿಗೆ ಹಾಕಿದ್ದ ಜಾಲಿ ಮುಳ್ಳು ಗೋಡೆ ಪಕ್ಕ ಹಾಗೇ ಬಿದ್ದಿತ್ತು. ಬಾಡಿಗೆ ಎರಡು ಸಾವಿರ. ಪೇಟೆ ನಡುವೆ, ಎರಡು ಸಾವಿರ.

"ಯಾರಾದ್ರೂ ಒಲೆ ಹಚ್ಚಿದ್ರೆ ಸಾಕು ಕಣವ್ವ," ಅಂದರು. ಹೊಸ್ತಿಲಾಚೆ ನಿಂತೇ ಮನೆ ತೋರಿಸಿದರು. ಕಾಲು ಒಳಗೆ ಇಡಲಿಲ್ಲ. "ಕಾಯಿಲೆ ಕಸಾಲೆ ಯಾರ್ಗೂ ಇಲ್ಲ ತಾನೆ? ಇನ್ನೊಂದು ಸಲ ಈ ಬಾಗಿಲು ಮುಚ್ಚೋ ಶಕ್ತಿ ನಂಗಿಲ್ಲ."

"ಇಲ್ಲಮ್ಮ. ತಂಗಿಗೆ ಸ್ವಲ್ಪ ಸುಸ್ತು. ಆಸ್ಪತ್ರೇಲಿ ಶಕ್ತಿ ಇಂಜೆಕ್ಷನ್ ಹಾಕ್ತಾರೆ, ಅಷ್ಟೇ."

ಸರಾಗವಾಗಿ ಬಂತು. ಅದೇ ಆಶ್ಚರ್ಯ.

ಫೆಬ್ರವರಿ 9, ಭಾನುವಾರ

ಬಂದೆವು. ಹಾಲು ಉಕ್ಕಿಸಿದೆ. ಸುಣ್ಣ ಹೊಸದು. ಆದರೂ ಒಂದು ಕಡೆ ಗೋಡೆಯಲ್ಲಿ, ಕೂತವರ ತಲೆ ತಾಗುವಷ್ಟು ಎತ್ತರಕ್ಕೆ, ಎಣ್ಣೆ ಜಿಡ್ಡು ಮೇಲೆದ್ದಿದೆ. ಆ ಮುದುಕಿ ಒರಗುತ್ತಿದ್ದ ಜಾಗ ಇರಬೇಕು. ಚಿಕ್ಕಗಂಗ ನೇರ ಹೋಗಿ ಅಲ್ಲೇ ಒರಗಿದಳು.

"ಇಲ್ಲಿ ತಣ್ಣಗೈತೆ ಕಣೇ ಅಕ್ಕ."

ಅವಳಿಗೆ ಉದ್ದ ತೋಳಿನ ರವಿಕೆ ಹಾಕಿಸಿದ್ದೇನೆ. ಎಡಗೈಯಲ್ಲಿ ಡಯಾಲಿಸಿಸ್ ಸೂಜಿಗೆಂದು ನರ ಸೇರಿಸಿದ ಗಂಟು ಕಾಣಬಾರದು. ಮುಟ್ಟಿದರೆ ಒಳಗೆ ದುಂಬಿ ಗುಂಯ್‌ಗುಡುತ್ತದೆ.

ಫೆಬ್ರವರಿ 20, ಗುರುವಾರ

ಎಂಟು ನಿಮಿಷದಲ್ಲಿ ಆಸ್ಪತ್ರೆ. ಬಸ್ಸಿಲ್ಲ, ವಾಂತಿಯಿಲ್ಲ. ಮೊನ್ನೆ ಮುದ್ದೆ ಪೂರ್ತಿ ತಿಂದಳು. ಮನೆ ಒಳ್ಳೆಯದು. ಒಳ್ಳೆಯದೇ.

ಆದರೆ ಮೂರು ಗಂಟೆಗೆ ಬಾಗಿಲು ಕೆರೆದ ಹಾಗೆ ಸದ್ದು. ಹೊರಗಿನಿಂದ, ಕೆಳಗಡೆ, ಉಗುರಿನಲ್ಲಿ. ತೆಗೆದು ನೋಡಿದರೆ ಹಿತ್ತಲು, ಬಿಸಿಲು. ನಾಲ್ಕು ದಿನದಿಂದ ಕೇಳುತ್ತಿದ್ದೇನೆ. ಇಲಿ ಇರಬಹುದು.

ಮಂಡಿಯವರು ಕೊಟ್ಟ ಕ್ಯಾಲೆಂಡರ್ ತೂಗು ಹಾಕಿದೆ. ಧನಿಷ್ಠೆಯಿಂದ ರೇವತಿವರೆಗೆ, ತಿಂಗಳಿಗೆ ಐದು ದಿನ, ಸೀಸದ ಕಡ್ಡಿಯಲ್ಲಿ ಚುಕ್ಕೆ ಇಟ್ಟೆ. ಕೆಟ್ಟ ದಿನಗಳು ಗೊತ್ತಿದ್ದರೆ ಒಳ್ಳೆಯದು.

ಫೆಬ್ರವರಿ 27, ಗುರುವಾರ. ಧನಿಷ್ಠೆ, ಮೂರೂಮುಕ್ಕಾಲರವರೆಗೆ

ಚುಕ್ಕೆಯ ದಿನ. ಅವಳು ಮಲಗಿದ್ದಾಗ ಮೂಗಿನ ಹತ್ತಿರ ಬೆರಳು ಹಿಡಿದೆ. ಎಚ್ಚರವಾಗಿಬಿಟ್ಟಳು.

"ಏನೇ ಇದು?"

"ಸೊಳ್ಳೆ."

"ಸೊಳ್ಳೆ ಹೊಡಿಯೋರು ಅಳ್ತಾರಾ?"

ಮಾರ್ಚ್ 12, ಬುಧವಾರ

ವಿಮಲಮ್ಮ ಎಳನೀರು ತಂದರು. "ಸುಸ್ತಿಗೆ ಇದಕ್ಕಿಂತ ಬೇಕೇನು? ಮರ ನಮ್ದೇ. ದಿನಾ ಕುಡೀಲಿ."

ಅವರು ಹೋದ ಮೇಲೆ ಗಿಡಕ್ಕೆ ಸುರಿದೆ. ಕಿಡ್ನಿ ಹೋದವರಿಗೆ ಎಳನೀರು ವಿಷ, ಎದೆ ನಿಂತುಹೋಗುತ್ತದೆ ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದಾರೆ. ಚಿಕ್ಕಗಂಗ ನೆಲ ಹೀರುವುದನ್ನೇ ನೋಡುತ್ತಿದ್ದಳು. ದಿನಕ್ಕೆ ಮೂರು ಲೋಟ ನೀರು ಅವಳಿಗೆ.

"ತೆಂಗಿನ ಮರದ ಬುಡದಲ್ಲಿ ಹುಟ್ಟಿ ಎಳನೀರಿಗೆ ಹೆದರೋ ಹಂಗಾಯ್ತಲ್ಲೇ," ಅಂದು ನಕ್ಕಳು.

ಸಂಜೆ ವಿಮಲಮ್ಮ ಮತ್ತೆ ಬಂದರು. ಹೊಸ್ತಿಲಾಚೆ ಕೂತರು. ಬಾಗಿಲ ಕಡೆ ನೋಡುತ್ತಾ ಕೇಳಿದರು:

"ಮಧ್ಯಾಹ್ನ ಬಾಗ್ಲು ಕೆರೆದಂಗೆ ಕೇಳ್ತದಾ ನಿಂಗೆ?"

"ಇಲ್ಲಮ್ಮ." ಅವರಿಗೆ ಹೇಳಿದ ಎರಡನೆಯ ಸುಳ್ಳು.

"ಉಸಿರಿತ್ತು ಕಣವ್ವ ನಮ್ಮತ್ತೆಗೆ. ಧನಿಷ್ಠೆ ನಡೀತಿತ್ತು. ಒಳಗೆ ಹೋದ್ರೆ ಮನೆ ಮುಚ್ಬೇಕಲ್ಲ ಅಂತ ನಾನೇ ಎತ್ತಿ ಹೊರಗೆ ಹಾಕಿಸ್ದೆ. ಬಾಗ್ಲು ಹಿಡ್ಕೊಂಡಿದ್ರು, ಬಿಡಿಸ್ದೆ. ಹೊಸ್ತಿಲು ದಾಟೋದ್ರೊಳಗೆ ಹೋಗ್ಬುಟ್ಟಿದ್ರು. ಒಳಗೋ ಹೊರಗೋ ಯಾರಿಗೂ ಗೊತ್ತಾಗ್ಲಿಲ್ಲ. ಮುಚ್ಚಿ ಅಂದ್ರು, ಮುಚ್ಚಿದ್ವಿ."

ಆಗಲೇ ನನ್ನ ಸುಳ್ಳನ್ನು ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಈ ಮನೆ ಬಿಟ್ಟರೆ ಮತ್ತೆ ಬಸ್ಸು.

ಮಾರ್ಚ್ 30, ಯುಗಾದಿ. ಬೆಳಿಗ್ಗೆ. ರೇವತಿ, ಸಂಜೆ ನಾಲ್ಕೂವರೆವರೆಗೆ

ಐದನೆಯ ಚುಕ್ಕೆ. ಇವತ್ತು ಕಳೆದರೆ ಇನ್ನು ಮೂರು ವಾರ ನೆಮ್ಮದಿ. ಬೇವು ಬೆಲ್ಲ ನಾಲಿಗೆಗೆ ಮುಟ್ಟಿಸಿದೆ ಅಷ್ಟೇ. ಚೆನ್ನಾಗಿದ್ದಾಳೆ. ಅವಳ ಮಾತ್ರೆ ಮುಗಿದಿದೆ. ಅಂಗಡಿ ತೆರೆದಿದೆಯೋ ನೋಡಿ ಬರಬೇಕು.

ಮಾರ್ಚ್ 31, ಸೋಮವಾರ. ಹತ್ತು ಗಂಟೆ. ಆಸ್ಪತ್ರೆ ಬೆಂಚು

ಬರೆಯಲೇಬೇಕು.

ಮಾತ್ರೆ ತಂದಾಗ ಒಂದೂವರೆ. ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಎರಡು ಖಾಲಿ ಎಳನೀರು ಬುರುಡೆ, ಒಬ್ಬಟ್ಟಿನ ತಟ್ಟೆ.

"ವಿಮಲಮ್ಮ ಆಗ್ಲೇ ತಂದ್ರು. ಕುಡಿಯೋ ತನಕ ಬಾಗ್ಲಲ್ಲೇ ನಿಂತಿದ್ರು ಕಣೇ. ಬೇಡ ಅಂದ್ರೆ ಯಾಕೆ ಅಂತಿದ್ರು..." ತಡೆದು ಅಂದಳು, "ಬಾಯಾರಿಕೆನೂ ಆಗಿತ್ತು. ಕಾಲು ಸ್ವಾಧೀನ ಇಲ್ಲ ಅಕ್ಕ."

ಕೆಂಚಯ್ಯನಿಗೆ ಫೋನ್ ಮಾಡಿದೆ. ಹಬ್ಬ, ಆಟೋ ಹುಡುಕಿ ತರುತ್ತೇನೆ ಅಂದ. ಅವಳ ಉಸಿರು ಸಣ್ಣದಾಗುತ್ತಾ ಬಂತು. ಚಾಪೆಯ ತುದಿ ಹಿಡಿದು ಹೊರಗೆ ಎಳೆದೆ. ಆಟೋಗೆ ಅನುಕೂಲ ಅಂತ—

ಇಲ್ಲ. ಇಲ್ಲಿ ಯಾಕೆ ಸುಳ್ಳು. ಗಡಿಯಾರ ನೋಡಿದೆ, ಆಮೇಲೆ ಎಳೆದೆ. ಎರಡು ಗಂಟೆ. ರೇವತಿ ಕಳೆಯಲು ಇನ್ನೂ ಎರಡೂವರೆ ಗಂಟೆ ಇತ್ತು. ನಾನು ಎತ್ತಿ ಆಡಿಸಿದ ಕೂಸು. ಹೊಸ್ತಿಲಿಗೆ ಅವಳ ಹಿಂದಲೆ ತಗುಲಿದ ಸದ್ದು ಕೇಳಿದರೂ ಎಳೆದೆ.

"ಬಿಸಿಲು ಕಣೇ ಅಕ್ಕ," ಅಂದಳು. ಬೇರೇನೂ ಅನ್ನಲಿಲ್ಲ.

ವಿಮಲಮ್ಮ ಹಿಂಬಾಗಿಲಲ್ಲಿ ನಿಂತಿದ್ದರು. ನೋಡಿದರು. ಅವರ ಮುಖ ಇನ್ನೊಂದು ಸಲ ನೋಡಲಾರೆ. ಓಡಿ ಬಂದು ಚಿಕ್ಕಗಂಗಳ ಕಾಲು ಹಿಡಿದರು.

"ಒಳಗೆ ಹಾಕೇ. ಕೈ ಮುಗೀತೀನಿ, ಒಳಗೆ ಹಾಕೇ."

ಇಬ್ಬರೂ ಎತ್ತಿದೆವು. ವಿಮಲಮ್ಮ ಹೊಸ್ತಿಲು ದಾಟಿ ಬಂದರು. ಆ ಗೋಡೆಯ ಬುಡದಲ್ಲೇ ಕೂತು ಅವಳ ತಲೆ ತೊಡೆ ಮೇಲೆ ಇಟ್ಟುಕೊಂಡರು.

"ಕಿಡ್ನಿ ಹೋಗಿದೆ ಅಮ್ಮ ಇವಳಿಗೆ. ಎಳನೀರು ಆಗಲ್ಲ."

"ಮೊದ್ಲೇ ಹೇಳಿದ್ರೆ ಕೊಡ್ತಿರ್ಲಿಲ್ಲ ಕಣೇ."

"ಮನೇನೂ ಕೊಡ್ತಿರ್ಲಿಲ್ಲ ನೀವು."

ಆಟೋ ಬರುವವರೆಗೂ ಸೆರಗಿನಿಂದ ಗಾಳಿ ಹಾಕುತ್ತಿದ್ದರು.

ರಾತ್ರಿಯೆಲ್ಲ ಮೆಷಿನ್ ಮೇಲೆ ಇಟ್ಟಿದ್ದರು. ಎದೆಬಡಿತ ತಪ್ಪುತ್ತಲೇ ಇದೆ, ಇವತ್ತು ಕಳೆಯಲಿ ನೋಡೋಣ ಅಂದರು ಡಾಕ್ಟರು. ಈಗ ಒಂದು ಗಳಿಗೆ ಒಳಗೆ ಬಿಟ್ಟಿದ್ದರು. ಕಣ್ಣು ತೆರೆದಳು. ಮಾಸ್ಕಿನೊಳಗೆ ಏನೋ ಅಂದಳು. ಬಗ್ಗಿದೆ.

"ರೇವತಿ ಕಳೀತಾ?"

ನಿನಗ್ಯಾರು ಹೇಳಿದರು ಅಂದೆ.

"ಓದು ಬರ್ದಿದ್ರೂ ಚುಕ್ಕೆ ಎಣಿಸಕ್ಕೆ ಬರ್ತದೆ ಕಣೇ. ಅವ್ರ ಮನೆ ಮುಚ್ಬಾರ್ದು ಅಂತ... ತಡ್ಕೊಂಡಿದ್ದೆ."

"ಕಳೀತು," ಅಂದೆ. ಸಮಾಧಾನ ಮಾಡಲು ಅಂದೆ.

"ಸರಿ ಬುಡು." ಮುಖದ ಬಿಗಿಯೆಲ್ಲ ಸಡಿಲವಾಯಿತು. ಬೆರಳುಗಳು ನನ್ನ ಕೈ ಬಿಟ್ಟವು. ನರ್ಸು ಹೊರಗೆ ಕಳಿಸಿದರು.

ಯಾಕೆ ಹೇಳಿದೆ. ಈಗ ಅಶ್ವಿನಿ ನಡೆಯುತ್ತಿದೆ. ಯಾವ ದೋಷವೂ ಇಲ್ಲ. ಅವಳನ್ನು ಹಿಡಿದಿಡಲು ಯಾವುದೂ ಇಲ್ಲ. ಇನ್ನೊಂದು ಸಲ ಒಳಗೆ ಬಿಡಿ ಅಂತ ಕೇಳುತ್ತೇನೆ. ಹೋಗಿ ಹೇಳುತ್ತೇನೆ. ಲೆಕ್ಕ ತಪ್ಪಿದೆ ಚಿಕ್ಕಗಂಗ, ನನಗೆ ಪಂಚಾಂಗ ನೋಡಲು ಬರುವುದಿಲ್ಲ, ರೇವತಿ ಇನ್ನೂ—