ಮೇಳ ಬಾರದ ಅಂಗಳ

ಮಾನ್ಯರೇ, ನನಗೆ ಮದುವೆಯಾಯಿತು! ಸುಗ್ಗಿ ಕುಣಿತದ ಮೇಳಗಳಿಗೆ ಅನುಮತಿ ಕೊಡುವ, ಅಥವಾ ಕೊಡದಿರುವ, ಅಧಿಕಾರಿಗಳಾದ ನಿಮಗೇ ಮೊದಲು ಹೇಳಬೇಕೆನಿಸಿತು. ಅಂಕೋಲೆಯ ಪಕ್ಕದ ನಮ್ಮೂರಿನಲ್ಲಿ ನಾನು ಮೀನುಗಾರರ ಕೇರಿಯವಳು, ಗಂಡ ಅಶೋಕ ಗದ್ದೆಕೇರಿಯವನು. ಎಷ್ಟು ಖುಷಿಯೆಂದರೆ, ಮಡಗಾಂವದ ನಮ್ಮ ಬಾಡಿಗೆ ಮನೆಯಲ್ಲಿ ಅವನು ಸೀಯಿಸಿದ ದೋಸೆಯೂ ನನಗೆ ರುಚಿ. ಆದರೆ ಈ ಖುಷಿ ನನ್ನ ಅಮ್ಮನ ಮನೆಯೊಳಗೆ ಹೋಗಲು ನಿಮ್ಮ ಅಪ್ಪಣೆ ಬೇಕು. ಈ ವರ್ಷವೂ ನೀವು ಅದನ್ನು ನಿರಾಕರಿಸಿದ್ದೀರಿ.

ಒಂಬತ್ತು ವರ್ಷಗಳ ಹಿಂದೆ ಹೋಳಿಯ ಹೊತ್ತಿಗೆ ಗದ್ದೆಕೇರಿಯ ಸುಗ್ಗಿ ಮೇಳ ನಮ್ಮ ಕೇರಿಗೆ ಕುಣಿಯಲು ಬಂದಾಗ ಮಾತಿಗೆ ಮಾತು ಬೆಳೆದು, ಕಲ್ಲು ದೊಣ್ಣೆಗಳು ಬಂದು, ನನ್ನಪ್ಪ ಸತ್ತರು. ಅಶೋಕನ ಚಿಕ್ಕಪ್ಪನೂ ಸತ್ತರು. ಆಮೇಲೆ ನೀವು ಶಾಂತಿ ಮಾಡಿದಿರಿ. ಹೇಗೆ? ಎರಡು ಕೇರಿಗಳ ನಡುವಿನ ಹೆದ್ದಾರಿಯನ್ನು ಮೇಳ ದಾಟಬಾರದು ಎಂದು ಆದೇಶಿಸಿ. ಪ್ರತಿವರ್ಷ ಸಭೆ ಕರೆದು, ಎರಡೂ ಕೇರಿಯವರನ್ನು ಎರಡು ಬದಿಯ ಬೆಂಚುಗಳಲ್ಲಿ ಕೂರಿಸಿ, ಫೋಟೊ ತೆಗೆಸಿ ಕಳಿಸುತ್ತೀರಿ. ಎಂಥ ಸೌಹಾರ್ದ! ಎರಡೂ ಬೆಂಚಿಗೆ ಒಂದೇ ಅಂಗಡಿಯ ಚಹಾ.

ನಮ್ಮೂರಿನ ಪದ್ಧತಿಯನ್ನು ನಿಮಗೆ ಯಾರೂ ಹೇಳಲಿಲ್ಲವೇ? ಸಾವಾದ ಮನೆಯ ಅಂಗಳದಲ್ಲಿ ಊರಿಗಿರುವ ಆ ಒಂದೇ ಮೇಳ ಕುಣಿದ ಮೇಲೆಯೇ ಸೂತಕ ಪೂರಾ ಕಳೆಯುವುದು. ಅಲ್ಲಿಯವರೆಗೆ ಆ ಮನೆಯವರು ಯಾರಿಗೂ ಅಕ್ಷತೆ ಹಾಕುವಂತಿಲ್ಲ. ಕಾರವಾರದ ನೋಂದಣಿ ಕಚೇರಿಯಲ್ಲಿ ನಾವು ಹಾರ ಬದಲಿಸುವಾಗ ನನ್ನ ಅಮ್ಮ ಹೀರಾ ರಸ್ತೆಯ ಆಚೆ ನಿಂತಿದ್ದಳು. ಅದಕ್ಕೆ ಮೊದಲೇ ರಸ್ತೆಗಿಳಿದು, ಒಳಗೆ ಬಾ ಎಂದು ಬೇಡಿಕೊಂಡಿದ್ದೆ.

"ಬ್ಯಾಡ ಮಗಾ, ನನ್ ಕೈಯಿಂದ ಅಕ್ಷತೆ ಬಿದ್ರೆ ನಿಂಗೆ ಒಳ್ಳೇದಲ್ಲ."

ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು. ಇದೆಲ್ಲ ಮೂಢನಂಬಿಕೆ ಎಂದು ನಡುರಸ್ತೆಯಲ್ಲೇ ಭಾಷಣ ಮಾಡಿದೆ. ಅಷ್ಟರಲ್ಲಿ ಅವಳು ನನ್ನ ಸೀರೆಯ ನೆರಿಗೆ ಸರಿಮಾಡಲು ಬಗ್ಗಿದಳು. ನೆನಪಾಗಿ, ಮುಟ್ಟದೆ ಕೈ ಹಿಂದಕ್ಕೆಳೆದುಕೊಂಡಳು. ನೆರಿಗೆಯನ್ನು ನಾನೇ ಸರಿಮಾಡಿಕೊಂಡು ಒಳಗೆ ಹೋದೆ.

ಮೇಳದ ಯಜಮಾನ ನನ್ನ ಮಾವ ಬೊಮ್ಮ, ತಮ್ಮನನ್ನು ಕಳೆದುಕೊಂಡವರು. ಅವರ ಮನೆಯ ಸೂತಕವನ್ನು ಅವರದೇ ಮೇಳ ಮರುವರ್ಷವೇ ಕಳೆದಿತ್ತು. ಮದುವೆಯ ವಾರದಲ್ಲೇ ಅವರು ಅಮ್ಮನ ಬಾಗಿಲಿಗೆ ಹೋದರು.

"ತಂಗೀ, ಈ ಸಲ ಮೇಳ ಕಟ್ಕಂಡು ನಿನ್ನ ಅಂಗಳಕ್ಕೆ ಬತ್ತೆ. ಬ್ಯಾಡ ಅಂದ್ರೆ ಈಗೇ ಹೇಳು."

ಅಮ್ಮ ಅಂಗಳ ಸಾರಿಸಲು ಸಗಣಿ ಕೇಳಿಕೊಂಡು ಪಕ್ಕದ ಮನೆಗೆ ಹೊರಟಳು. ಹೋಳಿಗೆ ಇನ್ನೂ ತಿಂಗಳಿತ್ತು.

ಎರಡು ಸಾವಿನ ಮನೆಗಳು ಒಪ್ಪಿದ್ದನ್ನು ನಿಮ್ಮ ಕಚೇರಿ ಒಪ್ಪಲಿಲ್ಲ. ಹಳೆಯ ಗಾಯ ಕೆದಕಬೇಡಿ ಎಂದು ಉತ್ತರ ಬಂತು. ಮಾನ್ಯರೇ, ಆ ಗಾಯ ಹಳೆಯದಾಗಲು ನೀವು ಬಿಟ್ಟದ್ದು ಯಾವಾಗ?

ಬೇಕಾದಷ್ಟು ಪೊಲೀಸರನ್ನು ಕಳಿಸಿ, ಅನುಮತಿ ಕೊಡಿ. ಕೊಡದಿದ್ದರೂ ಮಾವನೊಡನೆ ಹೆದ್ದಾರಿ ದಾಟಲು ನಾನು ಬರುತ್ತಿದ್ದೇನೆ: ಹೋಳಿಯ ಹಿಂದಿನ ಶನಿವಾರ, ಮಡಗಾಂವ–ಮಂಗಳೂರು ಪ್ಯಾಸೆಂಜರ್, ಅಂಕೋಲಾ ನಿಲ್ದಾಣ.

ಇಂತಿ,
ನಿಮ್ಮ ಶಾಂತಿಯ ಎರಡೂ ಬದಿಗೆ ಮನೆಯಿರುವ
ರೂಪಾಲಿ