ಅತ್ತೆಯ ಕಾಲು, ಅಳಿಯನ ಸರದಿ

ಮಾರ್ಚ್ 4, ಮಂಗಳವಾರ

ಕಟ್ಟು ಬದಲಿಸುವ ದಿನ. ಜನ ಒಂಬತ್ತು, ಕಾಲು ಹನ್ನೊಂದು. ಕಟೇಟೆ ರಸ್ತೆಯ ಈ ಕ್ಲಿನಿಕ್ಕಿನಲ್ಲಿ ನನ್ನನ್ನು ನರ್ಸ್ ಅನ್ನುತ್ತಾರೆ. ಪಾದಸೇವಕ ಅಂದರೂ ಬೇಜಾರಿಲ್ಲ. ತೊಳಿ, ಸತ್ತ ಚರ್ಮ ಕತ್ತರಿಸು, ಕಟ್ಟು, "ಆ ಕಾಲಿನ ಮೇಲೆ ಭಾರ ಹಾಕಬೇಡಿ" ಅನ್ನು. ಗಂಭೀರವಾಗಿ ತಲೆಯಾಡಿಸಿ, ಅದೇ ಕಾಲೂರಿ ಎದ್ದು ಹೋಗುತ್ತಾರೆ.

ಹನ್ನೊಂದನೆಯದು ಅತ್ತೆಯವರದು. ಸಕ್ಕರೆ ಕಾಯಿಲೆ. ಹೆಬ್ಬೆರಳ ಬುಡದಲ್ಲಿ ಹುಣ್ಣು, ನವೆಂಬರಿನಿಂದ. ತೊಳೆದದ್ದು ಸಿಸ್ಟರ್ ಲೊಂಟಿಯಾ. ನಾನು ಬೀರುವಿನ ಹಿಂದೆ. ಅಳಿಯನಾಗಿ ಆರು ವರ್ಷ; ಅತ್ತೆಯ ಮುಖ ನೋಡಿಲ್ಲ. ನಮ್ಮಲ್ಲಿ ಅಳಿಯ ಅತ್ತೆಯನ್ನು ನೋಡಬಾರದು. ಮುಟ್ಟುವ ಮಾತಂತೂ ಬಿಡಿ. ಮಾತೆಲ್ಲ ಸಿಸ್ಟರ್ ಮೂಲಕ.

"ಅಳಿಯಂದ್ರು ಸರಿಯಾಗಿ ಊಟ ಮಾಡ್ತಾರಾ, ಕೇಳಮ್ಮಾ. ಕೆಮ್ಮೋದು ಕೇಳಿದ್ರೆ ಸೊರಗಿರೋ ಹಾಗಿದೆ."

ಮಾರ್ಚ್ 10

ಸಿಸ್ಟರಿಗೆ ಟ್ರೈನಿಂಗ್. ರಾಜಧಾನಿ ಲುಸಾಕಾದಲ್ಲಿ. ಮೂರು ವಾರ. ಇನ್ನು ನಾನೊಬ್ಬನೇ.

ಮಾರ್ಚ್ 18

ಎರಡು ಮಂಗಳವಾರವೂ ಅತ್ತೆ ಬರಲಿಲ್ಲ. ಗಾಜ್ ಬಟ್ಟೆ ಕೊಟ್ಟು ಹೆಂಡತಿ ಟಿಸಿಯೆಂಜಿಯನ್ನು ಕಳಿಸಿದೆ. ಏಳು ತಿಂಗಳ ಬಸುರಿ, ಪಾಪ.

"ಹುಣ್ಣು ಹೇಗಿದೆ?"

"ಗೊತ್ತಿಲ್ಲ. ಕಣ್ಣು ಮುಚ್ಕೊಂಡು ಕಟ್ದೆ."

"ವಾಸನೆ?"

"ಮೂಗೂ ಮುಚ್ಕೊಂಡಿದ್ದೆ ಕಣ್ರೀ."

ವೈದ್ಯಶಾಸ್ತ್ರಕ್ಕೆ ನಮ್ಮ ಮನೆಯ ಕೊಡುಗೆ.

ಈ ನಿಷೇಧ ಬಿಡಿಸಬೇಕಾದರೆ ಅವಳ ಸೋದರಮಾವ ಹಿರಿಯರನ್ನು ಸೇರಿಸಬೇಕು, ನಾನು ಕೋಳಿ ಕೊಡಬೇಕು. ಕೇಳಿದೆ. "ಮೆಕ್ಕೆಜೋಳ ಕೊಯ್ದಾಗ್ಲಿ, ನೋಡೋಣ ಬಿಡಿ" ಅಂದರು. ಜೋಳ ಕಾಯುತ್ತದೆ. ಕಾಲು...?

ಮಾರ್ಚ್ 26, ಬೆಳಿಗ್ಗೆ

ಹೆಂಡತಿಯನ್ನು ಕರೆದುಕೊಂಡು ನಾನೇ ಹೋದೆ. ಅತ್ತೆ ಗುಡಿಸಲೊಳಗೆ, ನಾನು ಬೇಲಿಯಾಚೆ. ವಾಸನೆ ಮಾತ್ರ ಸಂಪ್ರದಾಯಕ್ಕೆ ಕಿಮ್ಮತ್ತು ಕೊಡದೆ ಅಳಿಯನ ತನಕ ಬಂತು.

"ಬಾಗಿಲಿಗೆ ಬಟ್ಟೆ ಕಟ್ಟು. ಕಾಲು ಮಾತ್ರ ಹೊರಗೆ ಬರಲಿ" ಅಂದೆ — ಟಿಸಿಯೆಂಜಿಗೆ ಹೇಳಿದ ಹಾಗೆ, ಅತ್ತೆಗೆ ಕೇಳಿಸುವ ಹಾಗೆ.

ಟಿಸಿಯೆಂಜಿ ಬಟ್ಟೆ ಕಟ್ಟಿದಳು. ಆಮೇಲೆ ಬಟ್ಟೆಯಡಿಯಿಂದ ಒಂದು ಪಾದ, ನಾಚಿಕೊಂಡು. ಎರಡನೇ ಬೆರಳೂ ಕಪ್ಪು. ಬೇಲಿ ದಾಟಿ ಬಂದು, ಕೈ ತಾಗಿಸದೆ ಹುಣ್ಣಿನೊಳಗೆ ಲೋಹದ ಕಡ್ಡಿ ಇಳಿಸಿದೆ. ಟಕ್. ಮೂಳೆ.

"ಅಳಿಯಂದ್ರೇ." ಆರು ವರ್ಷದಲ್ಲಿ ಮೊದಲ ಸಲ, ನೇರ ನನಗೆ. "ಎಷ್ಟು ಹೋಗುತ್ತೆ?"

"ಇವತ್ತೇ ದೊಡ್ಡಾಸ್ಪತ್ರೆಗೆ ಹೋದ್ರೆ ಎರಡು ಬೆರಳು."

"ಹೋಗ್ದಿದ್ರೆ?"

"ಮೊಣಕಾಲ ತನಕ."

ವ್ಯಾನ್ ನಿಲ್ಲುವ ರಸ್ತೆ ಅರ್ಧ ಮೈಲಿ. ಮಳೆಗೆ ಹಾದಿಯೆಲ್ಲ ಕೆಸರು, ಸೈಕಲ್ಲೂ ಬಾರದು. ಆ ಕಾಲೂರಿ ನಡೆಯುವಂತಿಲ್ಲ. ಬಸುರಿ ಹೊರುವಂತಿಲ್ಲ.

"ತಿರುಗಿ ಕೂತ್ಕೊಳ್ಳಿ" ಅಂದರು ಅತ್ತೆ. "ಮುಖ ನೋಡ್ಬಾರ್ದು, ಮುಟ್ಬಾರ್ದು ಅಂದ್ರು ಹಿರಿಯರು. ನಿಮ್ಮನ್ನ ನಾನು ಮುಟ್ತೀನಿ, ನೀವಲ್ಲ. ಬೈಯೋದಾದ್ರೆ ನನ್ನ ಬೈಲಿ."

ಕುಳಿತೆ. ಎರಡು ಕೈ ಕುತ್ತಿಗೆ ಸುತ್ತ. ಎಷ್ಟು ಸಣ್ಣ ಕೈ. ಹೊಲದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಬೇರೆ ಕಡೆ ತಿರುಗಿದರು, ಏನೂ ನೋಡದವರ ಹಾಗೆ. ದಾರಿಯುದ್ದಕ್ಕೂ ಕಿವಿಯ ಹತ್ತಿರ — "ಮೆಲ್ಲಗೆ... ನಾನೇನು ಜೋಳದ ಮೂಟೆಯಾ?"

ಅದೇ ದಿನ, ಸಂಜೆ

ಆಸ್ಪತ್ರೆ ಬೆಂಚು. ಎರಡೇ ಬೆರಳು ಹೋಯಿತು. ಪಾದ ಉಳಿಯಿತು. ಎಚ್ಚರವಾದ ಕೂಡಲೇ ಅಂದರಂತೆ: "ಅಳಿಯಂದ್ರು ಒಳಗೆ ಬರ್ಲಿ."

ಎದ್ದೆ. ಸೊಂಟ ಹಿಡಿದುಕೊಂಡಿದೆ. ಬಾಗಿಲ ಹತ್ತಿರ ನಿಂತಿದ್ದೇನೆ. ಹೋಗುವುದು ಹೇಗೆ — ಮುಖ ಮುಂದೆ ಮಾಡಿಯೋ, ಬೆನ್ನು ಮುಂದೆ ಮಾಡಿಯೋ?