ಸಮರ್ಕಂದಿಗೆ ಎರಡು ಕಿಲೋ ಚಹಾ

ತಾಷ್ಕೆಂಟ್
ಅಕ್ಟೋಬರ್ ೧೪

ಪ್ರೀತಿಯ ತಂಗಿ ಮುನವ್ವರಳಿಗೆ,

ನಿನ್ನ ಅಕ್ಕ ಸಬೋಹತ್ ಮಾಡುವ ಸಲಾಮುಗಳು. ನಾನು ಕ್ಷೇಮ. ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಚೀಟಿ ಬಂದು ಹದಿನೆಂಟು ದಿನವಾಯಿತು, ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಕೇಳಿದ ಚಹಾ ಕಳಿಸದೆ ಬರೀ ಕಾಗದ ಕಳಿಸಲು ಮನಸ್ಸಾಗಲಿಲ್ಲ. ಫೋನ್ ಮಾಡಬಹುದಿತ್ತು ನಿಜ, ಆದರೆ ನಾನು ಫೋನ್ ಮಾಡಿದಾಗಲೆಲ್ಲ ನಿನ್ನ ಒಲೆಯ ಮೇಲೆ ಏನಾದರೊಂದು ಉಕ್ಕುತ್ತಿರುತ್ತದೆ.

"ತಾಷ್ಕೆಂಟಿನಂಥ ಊರಲ್ಲಿ ಏನು ಸಿಗಲ್ಲ ಅಪಾ? ಎರಡು ಕಿಲೋ ಒಳ್ಳೇ ಹಸಿರು ಚಹಾ, ಒಂದು ಕಿಲೋ ಕಾಫಿ ಬೀಜ ಕಳಿಸು. ಯಾರೋ ನಾಲ್ಕು ಜನ ಬರೋರಿದ್ದಾರೆ" ಎಂದು ಬರೆದಿದ್ದೆ. ನಾಲ್ಕು ಜನಕ್ಕೆ ಎರಡು ಕಿಲೋ ಚಹಾ. ಇಪ್ಪತ್ತಾರು ವರ್ಷ ಚಹಾ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ ಮಾಡಿದವಳು ನಾನು. ಎರಡು ಕಿಲೋ ಎಷ್ಟು ಜನರಿಗೆ ಆಗುತ್ತದೆಂದು ನನಗೆ ಗೊತ್ತಿಲ್ಲವೆ? ಆದರೂ ಕೇಳಲಿಲ್ಲ. ನೀನಾಗಿಯೇ ಹೇಳುತ್ತೀಯ ಎಂದುಕೊಂಡೆ.

ಈ ಊರಲ್ಲಿ ಎಲ್ಲವೂ ಸಿಗುತ್ತದೆ ಮುನವ್ವರ್, ಎಲೆ ಎಲೆಯಾಗಿರುವ ಚಹಾ ಒಂದನ್ನು ಬಿಟ್ಟು. ದೊಡ್ಡ ಅಂಗಡಿಗಳಲ್ಲಿ ದಾರ ಕಟ್ಟಿದ ಪೊಟ್ಟಣ, ಅದರೊಳಗೆ ಕಸಬರಿಕೆಗೂ ಬೇಡವಾದ ಧೂಳು. ಕೆಲವಕ್ಕೆ ಸ್ಟ್ರಾಬೆರಿ ವಾಸನೆ ಬೇರೆ ಬಳಿದಿದ್ದಾರೆ. ಮೊದಲ ದಿನ ಮೂರು ಬಜಾರು ಸುತ್ತಿದೆ, ಎರಡನೆಯ ದಿನ ನಾಲ್ಕು. ಒಂದು ಅಂಗಡಿಯಲ್ಲಿ ಮೂಟೆ ಮೂಟೆಗೂ ಮೂಗು ಇಟ್ಟು ನೋಡುತ್ತಿದ್ದೆ. ಮಾರುವವಳ ತಾಳ್ಮೆ ಕೆಟ್ಟಿತು.

"ಅಪಾ, ಮೂಸ್ತಾನೇ ಇರ್ತೀರೋ, ಇಲ್ಲ ತಗೊಳ್ತೀರೋ? ಮೂಸಿದ್ದಕ್ಕೂ ದುಡ್ಡು ಕೇಳ್ಬೇಕಾಗತ್ತೆ ನೋಡಿ."

"ಇದರಲ್ಲಿ ಮೂಗಿಗೆ ಸಿಗೋದು ಗೋಣಿಚೀಲದ ವಾಸನೆ ಮಾತ್ರ ತಾಯಿ. ಅದು ನಮ್ಮನೇಲೂ ಇದೆ" ಎಂದು ಹೇಳಿ ಬಂದೆ.

ಮೂರನೆಯ ದಿನ ಹಳೇ ಪೇಟೆಯ ಕೊನೆಯಲ್ಲಿ, ಚಾಕು ಸಾಣೆ ಹಿಡಿಯುವವರ ಹಿಂದೆ, ಹಮ್ರೋ ಅಕಾ ಎಂಬ ಮುದುಕನ ಅಂಗಡಿ ಸಿಕ್ಕಿತು. ಅವನು ಮೂಟೆ ಬಿಚ್ಚುವ ಮೊದಲು ನೀರು ಕಾಯಿಸಿದ. ಚಹಾ ಹಾಕಿ, ಬಟ್ಟಲಿಗೆ ಬಗ್ಗಿಸಿ, ಮತ್ತೆ ಕೆಟಲಿಗೇ ಸುರಿದು, ಹಾಗೆ ಮೂರು ಸಲ ಮಾಡಿ, ನಾಲ್ಕನೆಯ ಸಲ ನನಗೆ ಎರಡೇ ಬೆರಳಿನಷ್ಟು ಕೊಟ್ಟ. ಬೇಗ ಎದ್ದು ಹೋಗಲಿ ಎಂದು ನಮಗೆ ಅನ್ನಿಸಿದ ಅತಿಥಿಗೆ ಮಾತ್ರ ಬಟ್ಟಲು ತುಂಬಿಸಬೇಕೆಂಬುದನ್ನು ಈ ಊರಲ್ಲಿ ಇನ್ನೂ ಮರೆಯದ ಮನುಷ್ಯ. ಎಲೆ ನೀರಿನಲ್ಲಿ ನಿಧಾನವಾಗಿ ಬಿಚ್ಚಿಕೊಂಡಿತು. ಬಾಯಲ್ಲಿ ಮೊದಲು ಕಹಿ, ಆಮೇಲೆ ಗಂಟಲಿನಲ್ಲಿ ಸಿಹಿ. ನಮ್ಮ ಕಾರ್ಖಾನೆಯ ಹಳೆಯ ದಿನಗಳು ನೆನಪಾಗಿ ಕಣ್ಣು ಒದ್ದೆಯಾಯಿತು. ಎಲೆ ಯಾವ ಕೊಯ್ಲಿನದೆಂದು ಹೇಳಿ ಎರಡು ಕಿಲೋ ಕೇಳಿದೆ.

"ಕೂತ್ಕೊಳಮ್ಮ, ಬಹಳ ನಡ್ದಿರೋ ಹಾಗಿದೆ" ಎಂದ. "ಎರಡು ಕಿಲೋ ಅಂದ್ರೆ ಮದುವೆಗಾ?"

"ಗೊತ್ತಿಲ್ಲ ಅಕಾ."

"ಚಹಾದ ಜಾತಕ ಎಲ್ಲ ಹೇಳ್ತೀಯ, ಯಾತಕ್ಕೆ ಅಂತ ಗೊತ್ತಿಲ್ವಾ?" ಎಂದು ನಕ್ಕ. ನಾನೂ ನಕ್ಕೆ. ಬೇರೆ ಏನು ಮಾಡಲಿ?

ಕಾಫಿಯ ವಿಷಯದಲ್ಲಿ ನಾನು ದಡ್ಡಿ. ಹೊಸ ಬಡಾವಣೆಯಲ್ಲಿ ದವ್ರೋನ್ ಎಂಬ ಹುಡುಗ ಅಂಗಡಿಯಲ್ಲೇ ಬೀಜ ಹುರಿಯುತ್ತಾನೆಂದು ಕೇಳಿ ಎರಡು ಬಸ್ಸು ಬದಲಾಯಿಸಿ ಹೋದೆ. "ಬೀಜ ಹಾಗೇ ಕೊಡ್ಲಾ, ಪುಡಿ ಮಾಡ್ಲಾ? ಯಾವ ಪಾತ್ರೇಲಿ ಕಾಸ್ತಾರಮ್ಮ? ಅದು ಗೊತ್ತಿಲ್ದೆ ಪುಡಿ ಮಾಡಿದ್ರೆ ಬೀಜ ಹಾಳು" ಎಂದ. ಕೆಲಸ ಬಲ್ಲ ಹುಡುಗ, ನನಗೆ ಹಿಡಿಸಿದ. ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ಕಾಸುತ್ತಾರೆಂದು ವಿಚಾರಿಸಿ ತಿಳಿದುಕೊಂಡು ಮೈದಾದಷ್ಟು ನಯವಾಗಿ ಬೀಸಿಸಿದ್ದೇನೆ. ಯಾರನ್ನು ವಿಚಾರಿಸಿದೆ ಎಂಬುದನ್ನು ಆಮೇಲೆ ಬರೆಯುತ್ತೇನೆ.

ಚಹಾವನ್ನು ಜೀರಿಗೆ ಡಬ್ಬದ ಹತ್ತಿರ ಇಡಬೇಡ, ವಾಸನೆ ಹಿಡಿಯುತ್ತದೆ. ನೀರು ಕುದಿದು ಒಂದು ಗಳಿಗೆ ಸುಮ್ಮನಿರಲಿ, ಆಮೇಲೆ ಹಾಕು. ಬಡಿಸುವ ಹುಡುಗಿಯರಿಗೆ ಬಟ್ಟಲು ತುಂಬಿಸಬಾರದೆಂದು ಹೇಳು. ಈಗಿನವರು ಧಾರಾಳ ತೋರಿಸಲು ಹೋಗಿ ಬಂದವರನ್ನು ಎಬ್ಬಿಸಿ ಕಳಿಸುತ್ತಾರೆ.

ಮಗಳು ಫರಂಗೀಸ್ ಹೇಗಿದ್ದಾಳೆ? ನೀನೂ ನಿನ್ನ ಗಂಡನೂ ರಷ್ಯಾದಲ್ಲಿ ದುಡಿಯುತ್ತಿದ್ದ ಆ ನಾಲ್ಕು ವರ್ಷ ಅವಳು ನನ್ನ ತೋಳಿನ ಮೇಲೆ ತಲೆಯಿಟ್ಟೇ ಮಲಗುತ್ತಿದ್ದಳು. ಅವಳ ಮದುವೆಗೆಂದು ಹಿಡಿದ ಸುಜಾನಿ ಕಸೂತಿ ಮುಗಿದಿದೆ. ಏಳು ವರ್ಷ ಹೊಲಿದೆ. ನಮ್ಮ ಪದ್ಧತಿಯಂತೆ ಮೂಲೆಯ ಒಂದು ಹೂವನ್ನು ಅರ್ಧಕ್ಕೇ ಬಿಟ್ಟಿದ್ದೇನೆ, ಮನೆಯಲ್ಲಿ ಶುಭಕಾರ್ಯಗಳು ಎಂದೂ ಮುಗಿಯದಿರಲಿ ಎಂದು. ಅದನ್ನು ಅವಳ ಕೋಣೆಯ ಗೋಡೆಗೆ ನನ್ನ ಕೈಯಿಂದಲೇ ತೂಗುಹಾಕಬೇಕೆಂಬ ಒಂದು ಆಸೆ ಇತ್ತು.

ನಿನ್ನ ಮನೆ ತುಂಬಿರಲಿ, ಮಗಳ ಬಾಳು ಬೆಳಗಲಿ, ಯಾರ ಕಣ್ಣೂ ತಾಗದಿರಲಿ.

ನಿನ್ನ ಅಕ್ಕ,
ಸಬೋಹತ್

ಮರೆತ ಮಾತು: ಪಾತ್ರೆ ಯಾವುದೆಂದು ಕೇಳಲು ಕಾಫಿ ಅಂಗಡಿಯಿಂದ ನಿನಗೇ ಫೋನ್ ಮಾಡಿದೆ. ಎತ್ತಿದವಳು ಫರಂಗೀಸ್. "ಪುಡೀನೇ ಮಾಡಿಸು ದೊಡ್ಡಮ್ಮ, ನಮ್ಮತ್ತೆ ಮನೇಲಿ ಉದ್ದ ಹಿಡಿ ಪಾತ್ರೇಲಿ ಕಾಸ್ತಾರೆ" ಎಂದಳು. ಯಾವ ಅತ್ತೆ ಎಂದು ನಾನು ಕೇಳುವ ಮೊದಲೇ ಅವಳಿಗೆ ಅಳು ಬಂತು. "ಇಪ್ಪತ್ತೆರಡಕ್ಕೆ ನನ್ನ ಮದುವೆ, ನೀನು ಬರಲ್ಲ ಅಂದ್ಯಂತೆ. ಮೊಣಕಾಲು ನೋವು, ಮೆಟ್ಟಿಲು ಇಳಿಯೋಕೂ ಆಗಲ್ಲ ಅಂತ ಅಮ್ಮ ಹೇಳಿದ್ಲು. ಕಾರು ಕಳಿಸ್ಲಾ ದೊಡ್ಡಮ್ಮ?"

ಮದುಮಗಳ ಪರದೆ ಕಟ್ಟಲು, ಹಾಸಿಗೆ ಹಾಸಲು ಒಂದೇ ಮದುವೆಯಾಗಿ ಮಕ್ಕಳನ್ನು ಹೆತ್ತವಳೇ ಬೇಕು ಎಂಬುದು ನನಗೂ ಗೊತ್ತು. ನಾನು ಎರಡು ಮದುವೆಯಾದವಳು, ಮಡಿಲು ಬರಿದಾದವಳು. ಅವನ್ನೆಲ್ಲ ನಾನು ಮುಟ್ಟುತ್ತಿರಲಿಲ್ಲ ಮುನವ್ವರ್. ಅಂಗಳದಲ್ಲಿ ನೀರು ಕಾಯುವ ಸಮೋವರ್ ಪಕ್ಕ ನಿಂತು ನಿನ್ನ ಬೀಗರಿಗೆ ಚಹಾ ಬಗ್ಗಿಸುತ್ತಿದ್ದೆ. ನಾನು ಆರಿಸಿದ ಚಹಾ ಮದುವೆ ಮನೆಗೆ ಬರಬಹುದು, ನಾನು ಬರಬಾರದು. ನನ್ನ ಮುಂದೆ ತುಂಬಿದ ಬಟ್ಟಲು ಇಟ್ಟಿದ್ದರೆ ಸಾಕಿತ್ತು, ಎದ್ದು ಹೋಗುತ್ತಿದ್ದೆ.

ಸುಜಾನಿಯನ್ನು ಚಹಾದ ಕೆಳಗೆ ಮಡಿಸಿ ಇಟ್ಟಿದ್ದೇನೆ. ಯಾರ ಕೈಯ ಕೆಲಸವೆಂದು ಬೀಗರು ಕೇಳಿದರೆ ಬಜಾರಿನದು ಎಂದುಬಿಡು.

ಮಗುವಿಗೆ ನಾನು ಬೇರೇನೂ ಹೇಳಲಿಲ್ಲ. "ಹೌದು ಪುಟ್ಟಿ, ಮೊಣಕಾಲು ಬಹಳ ನೋವು" ಎಂದೆ. ಆಮೇಲೆ ಕಾಫಿ ಪುಡಿ ಹೊತ್ತು ಬಸ್ಸೂ ಹತ್ತದೆ ಮನೆಯವರೆಗೆ ನಡೆದೇ ಬಂದೆ. ಅವಳು ಮತ್ತೆ ಫೋನ್ ಮಾಡಿ ವಿಚಾರಿಸುತ್ತಾಳೆ. ನೀನು ಎಡಗಾಲು ಅಂದಿದ್ದೀಯೋ ಬಲಗಾಲು ಅಂದಿದ್ದೀಯೋ ಬರೆದು ತಿಳಿಸು. ಇಬ್ಬರೂ ಒಂದೇ ಕಾಲು ಹೇಳೋಣ.